ಗಾಡಿ ಪೂರ್ತಿ ಬಂದಿದೆ

ಮೇ 31, 2015, ಭಾನುವಾರ

ಹವೆ: ಸೆಕೆ. ಕಂಪೆನಿ ಬಸ್ಸು ಬನಿಯಾಸ್ ಬಿಟ್ಟದ್ದು 6.34ಕ್ಕೆ. ನಾಲ್ಕು ನಿಮಿಷ ತಡ. ಕಾರಣ: ಒಬ್ಬ ಪ್ರಯಾಣಿಕ ಮರೆತ ಟೋಪಿ ತರಲು ವಾಪಸು ಕೋಣೆಗೆ ಹೋದದ್ದು. ಆ ಪ್ರಯಾಣಿಕ ನನ್ನ ಕೋಣೆಯವನೇ.

ಇಂದಿನಿಂದ ಹೊಸ ಪುಸ್ತಕ. ಪಣಂಬೂರಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಹತ್ತೊಂಬತ್ತು ವರ್ಷ ಜರ್ನಲ್ ಬರೆದವನು ನಾನು. ಗಾಡಿ ಎಷ್ಟು ಹೊತ್ತಿಗೆ ಬಿಟ್ಟಿತು, ಎಲ್ಲಿ ನಿಂತಿತು, ಯಾರಿಂದ ನಿಂತಿತು. ಸ್ವಯಂ ನಿವೃತ್ತಿ ತೆಗೆದುಕೊಂಡು ಅಬುಧಾಬಿಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಓದುವವರು ಯಾರೂ ಇಲ್ಲವಾದ್ದರಿಂದ ಕನ್ನಡದಲ್ಲಿ ಬರೆಯುತ್ತೇನೆ.

ಕಂಪೆನಿಯ ವಿಷಯ ಒಮ್ಮೆ ಬರೆದಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ಮರುಭೂಮಿಯ ಒಳಗಿನ ಕ್ವಾರಿಯಿಂದ ಬಂದರಿಗೆ ಜಲ್ಲಿ ಸಾಗಿಸುವ ಒಂಟಿ ಹಳಿ. ದಿನಕ್ಕೆ ಎರಡು ಗಾಡಿ, ಒಂದೊಂದಕ್ಕೆ ಅರವತ್ತೆರಡು ವ್ಯಾಗನ್. ಮುಂದೆ ಎಂಜಿನಿನಲ್ಲಿ ಇಬ್ಬರು: ಡ್ರೈವರ್ ಮತ್ತು ಸೆಕೆಂಡ್ ಮ್ಯಾನ್. ಹಿಂದೆ ಯಾರೂ ಇಲ್ಲ. ಕೊನೆಯ ವ್ಯಾಗನ್ನಿಗೆ ಕೆಂಪು ದೀಪದ ಒಂದು ಪೆಟ್ಟಿಗೆ ಸಿಕ್ಕಿಸುತ್ತಾರೆ. ಬ್ರೇಕಿನ ಗಾಳಿ ಅಲ್ಲಿವರೆಗೆ ಬಂದಿದೆಯೋ ಇಲ್ಲವೋ ಎಂದು ಅದು ಎಂಜಿನಿಗೆ ತಿಳಿಸುತ್ತದೆ. ಅಂದರೆ ನಾನು ಹತ್ತೊಂಬತ್ತು ವರ್ಷ ಮಾಡಿದ ಕೆಲಸ. ಪೆಟ್ಟಿಗೆ ಚಹಾ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ನನಗೆ ಅದರ ಮೇಲೆ ದ್ವೇಷವೇನಿಲ್ಲ.

ನಾನು ಅಲ್ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ, ಹತ್ತೊಂಬತ್ತನೇ ಮಹಡಿಯಲ್ಲಿ, ರೂಲ್ಸ್ ಅಸಿಸ್ಟೆಂಟ್. ವಾಸ ಬನಿಯಾಸಿನ ಸ್ಟಾಫ್ ಕ್ವಾರ್ಟರ್ಸ್. ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ, ಅಬೂಬಕ್ಕರ್, ಉಳ್ಳಾಲದವನು, ಸೆಕೆಂಡ್ ಮ್ಯಾನ್. ಗೊರಕೆ ಹೊಡೆಯುತ್ತಾನೆ. ಎಚ್ಚರವಿದ್ದಾಗ ಮಾತಾಡುತ್ತಾನೆ. ಇವೆರಡರ ನಡುವೆ ಬಿಡುವಿಲ್ಲ. ಹೆಂಡತಿ ರಾಜೀವಿ ಊರಿನಿಂದ ಕಳಿಸಿದ ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ಒಂದು ವಾರದಲ್ಲಿ ಎರಡು ಬೆರಳಿನಷ್ಟು ಇಳಿದಿದೆ. ನಾನು ತಿಂದದ್ದು ಅರ್ಧ ಬೆರಳು. ಇಂದು ಭರಣಿಗೆ ಪೆನ್ನಿನಿಂದ ಗೆರೆ ಎಳೆದು ತಾರೀಕು ಹಾಕಿದೆ.

ಜೂನ್ 3, ಬುಧವಾರ

ಪ್ರಾರ್ಥನಾ ಮೇಡಂ ಕರೆದರು. ಪ್ಲಾನಿಂಗ್ ಮ್ಯಾನೇಜರ್, ಮೈಸೂರಿನವರು, ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ನಾನು ಮೇಡಂ ಎನ್ನುತ್ತೇನೆ, ಅವರು ಅಂಕಲ್ ಎನ್ನುತ್ತಾರೆ. ಒಬ್ಬರೂ ಬಿಟ್ಟುಕೊಡುತ್ತಿಲ್ಲ.

"ಅಂಕಲ್, ಬೋರ್ಡ್‌ಗೆ ಒಂದು ರಿಪೋರ್ಟ್ ಬೇಕಂತೆ. ಅಮೆರಿಕದಲ್ಲಿ ದೊಡ್ಡ ದೊಡ್ಡ ಗೂಡ್ಸ್ ರೈಲ್ವೆಗಳನ್ನ ಹೇಗೆ ಕ್ಲಾಸ್ ಮಾಡ್ತಾರೆ, ಹೇಗೆ ಓಡಿಸ್ತಾರೆ, ಅದ್ರಲ್ಲಿ ನಾವು ಎಲ್ಲಿ ಬರ್ತೀವಿ ಅಂತ. ನಾವು ಕ್ಲಾಸ್ ಒನ್ ಅಂತ ಬರೋ ಹಾಗೆ ಸ್ವಲ್ಪ ನೋಡಿ."

"ನೋಡಿದ್ರೆ ಬರುದಿಲ್ಲ ಮೇಡಂ. ಇದ್ರೆ ಬರ್ತದೆ" ಎಂದೆ.

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಜೂನ್ 9, ಮಂಗಳವಾರ

ವರ್ಗೀಕರಣ ಸರಳವಾಗಿದೆ. ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ಗೂಡ್ಸ್ ರೈಲ್ವೆ ಕಂಪೆನಿಗಳಿವೆ. ಹಳಿಯ ಉದ್ದ ನೋಡುವುದಿಲ್ಲ, ಎಂಜಿನಿನ ಬಣ್ಣ ನೋಡುವುದಿಲ್ಲ. ವರ್ಷದ ವರಮಾನ ನೋಡುತ್ತಾರೆ, ಅದೂ ಮೂರು ವರ್ಷ ಸತತವಾಗಿ. ಸುಮಾರು ನಾಲ್ಕುನೂರ ಐವತ್ತು ಮಿಲಿಯನ್ ಡಾಲರ್ ದಾಟಿದರೆ ಕ್ಲಾಸ್ ಒನ್. ಅಂಥವು ಇರುವುದು ಏಳೇ ಏಳು. ದೇಶದ ಸರಕಿನ ಸಂಪಾದನೆಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಆ ಏಳರದ್ದೇ. ಅದರ ಕೆಳಗೆ ಕ್ಲಾಸ್ ಟೂ. ಅದರ ಕೆಳಗಿನವೆಲ್ಲ ಕ್ಲಾಸ್ ತ್ರೀ. ಬರೀ ಬಂದರಿನಲ್ಲಿ, ಕಾರ್ಖಾನೆಯಲ್ಲಿ ವ್ಯಾಗನ್ ಆಚೀಚೆ ದೂಡುವ ರೈಲ್ವೆ ಎಷ್ಟು ಸಂಪಾದಿಸಿದರೂ ಕ್ಲಾಸ್ ತ್ರೀಯೇ.

ಇಂಡಿಯಾದಲ್ಲಿ ನಾವು ಮನುಷ್ಯರನ್ನೇ ಹೀಗೆ ವಿಂಗಡಿಸುತ್ತಿದ್ದೆವು. ನಾನು ಗ್ಯಾಂಗ್‌ಮನ್ ಆಗಿ ಹಳಿಯ ಮೇಲೆ ಸುತ್ತಿಗೆ ಹಿಡಿದು ಸೇರಿದ್ದು ಕ್ಲಾಸ್ ಫೋರ್. ಗಾರ್ಡ್ ಆಗಿ ಹೊರಬಂದದ್ದು ಕ್ಲಾಸ್ ತ್ರೀ. ಒಂದು ಕ್ಲಾಸ್ ಏರಲು ಹನ್ನೊಂದು ವರ್ಷ ಬೇಕಾಯಿತು. ಈ ಬೋರ್ಡಿನವರಿಗೆ ಜೂನ್ ಮುಗಿಯುವುದರೊಳಗೆ ಎರಡು ಕ್ಲಾಸ್ ಏರಬೇಕಂತೆ.

ಜೂನ್ 12, ಶುಕ್ರವಾರ

ರಜೆ. ಬಟ್ಟೆ ಒಗೆದೆ.

ಅಬೂಬಕ್ಕರ್ ಒಂದು ಕಾಗದ ಹಿಡಿದು ಕೋಣೆ ತುಂಬ ಓಡಾಡಿದ. ಹೆಂಡತಿ ಝುಲೈಖ ಮತ್ತು ಇಬ್ಬರು ಮಕ್ಕಳ ವೀಸಾ ಆಗುತ್ತದಂತೆ. ಮದುವೆಯಾಗಿ ಹದಿನಾಲ್ಕು ವರ್ಷ. ರಜೆಗಳನ್ನೆಲ್ಲ ಕೂಡಿಸಿದರೆ ಹೆಂಡತಿಯ ಜೊತೆ ಇದ್ದದ್ದು ಇಪ್ಪತ್ತೊಂದು ತಿಂಗಳು. ಮಾರ್ಚಿನಲ್ಲಿ ಅವನ ಹುದ್ದೆ ಖಾಯಂ ಆದದ್ದರಿಂದ ಈ ಭಾಗ್ಯ. ಆಗಸ್ಟ್ ಕೊನೆಗೆ ಬರುತ್ತಾರೆ, ಮಕ್ಕಳನ್ನು ಇಲ್ಲೇ ಶಾಲೆಗೆ ಹಾಕುವುದು, ಬನಿಯಾಸಿನಲ್ಲಿ ಒಂದು ವಿಲ್ಲಾದ ಹಿಂಬದಿಯ ಕೋಣೆ ನೋಡಿಯಾಗಿದೆ.

"ಚಿಕ್ಕವಳು ನನ್ನನ್ನು ಫೋನಿನಲ್ಲೇ ಕಂಡದ್ದು ಹೆಚ್ಚು ಚನಿಯಣ್ಣ. ಕಳೆದ ಸರ್ತಿ ಹೋದಾಗ, ಉಮ್ಮಾ, ಇವ್ರು ಎಷ್ಟು ದಿನ ಇರ್ತಾರೆ ಅಂತ ಕೇಳಿದ್ಳು ಮಾರಾಯ್ರೆ. ನೆಂಟರ ಬಗ್ಗೆ ಕೇಳಿದ ಹಾಗೆ."

ಮಿಡಿ ಹಾಕಿಕೊ ಎಂದೆ. ಎರಡು ಹಾಕಿಕೊಂಡ.

ಸೆಪ್ಟೆಂಬರಿನಿಂದ ಕೋಣೆಯಲ್ಲಿ ನಿಶ್ಶಬ್ದ ಸಿಗುತ್ತದೆ. ಒಳ್ಳೆಯದಾಯಿತು.

ಜೂನ್ 18, ಗುರುವಾರ

ರಂಜಾನ್ ಶುರು. ಆಫೀಸು ಬೇಗ ಬಿಡುತ್ತದೆ. ಅಬೂಬಕ್ಕರ್ ಉಪವಾಸದಲ್ಲೂ ಮಾತಾಡುತ್ತಾನೆ. ಅವನ ಎದುರು ಊಟ ಮಾಡಲು ಸರಿ ಕಾಣದೆ ಆಫೀಸಿನ ಪ್ಯಾಂಟ್ರಿಯಲ್ಲೇ ತಿಂದು ಬಂದೆ. ಪ್ಯಾಂಟ್ರಿಯ ಅನ್ನ ಚೆನ್ನಾಗಿರುವುದಿಲ್ಲ.

ಜೂನ್ 24, ಬುಧವಾರ

ಗಾಡಿ ಓಡುವುದನ್ನು ಕಣ್ಣಾರೆ ನೋಡಿ ಬರೆಯಬೇಕೆಂದು ಸಲಹೆಗಾರರು ಫಾರಂ ಕೊಟ್ಟಿದ್ದರು. ಸಲಹೆಗಾರರು ಎಂದರೆ ಬೋರ್ಡಿನವರು ವಿದೇಶದಿಂದ ಕರೆಸಿದ ಒಬ್ಬ ಸಾಹೇಬರು. ಉದ್ದ ಮನುಷ್ಯ, ಮರ್ಯಾದಸ್ಥ, ಎಲ್ಲವನ್ನೂ ಪರದೆಯ ಮೇಲೆ ನೋಡುತ್ತಾರೆ. ಫಾರಂನಲ್ಲಿ ಮೂರು ಕಾಲಂ: ಸಮಯ, ಕೆಲಸ, ಖಾಲಿ.

ಕ್ವಾರಿ ಬಿಟ್ಟದ್ದು 9.10. ಡ್ರೈವರ್ ಯುಜಿನ್, ಶಿರ್ವದವರು. ಸೆಕೆಂಡ್ ಮ್ಯಾನ್ ಅಬೂಬಕ್ಕರ್. ಬ್ರೇಕ್ ಪರೀಕ್ಷೆ ಹದಿನೈದು ನಿಮಿಷ, ಕೆಲಸ. ಆಮೇಲೆ ಅಬೂಬಕ್ಕರ್ ಯುಜಿನ್ ಹತ್ತಿರ ಮಾತಾಡಿದ. ಶಾಲೆ, ವಿಲ್ಲಾದ ಕೋಣೆಗೆ ಪರದೆ ಯಾವ ಬಣ್ಣದ್ದು, ಝುಲೈಖಳಿಗೆ ವಿಮಾನದಲ್ಲಿ ತಲೆ ಸುತ್ತಿದರೆ ಏನು ಮಾಡುವುದು. ಮಾತಿಗೆ ಕಾಲಂ ಇಲ್ಲ. ಖಾಲಿ ಎಂಬಲ್ಲಿ ಹಾಕಿದೆ. 10.40ಕ್ಕೆ ಇಳಿದು, ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಬಿದ್ದ ಮರಳು ಗುಡಿಸಿದ, ಹದಿನಾರು ನಿಮಿಷ. 11.20ರಿಂದ 12.05ರವರೆಗೆ ಕಣ್ಣು ಮುಚ್ಚಿ ಕುಳಿತ. ಉಪವಾಸಕ್ಕೂ ಫಾರಂನಲ್ಲಿ ಕಾಲಂ ಇರಲಿಲ್ಲ. ಅದೂ ಖಾಲಿ. ಬಂದರು ತಲುಪಿದ್ದು 12.25. ಒಟ್ಟು ಕೆಲಸ 31 ನಿಮಿಷ, ಖಾಲಿ 2 ಗಂಟೆ 44 ನಿಮಿಷ.

ಬಂದರಿನಲ್ಲಿ ಒಂದು ವಿಷಯ ಗಮನಿಸಿದೆ. ಗಾಡಿಯ ಕೊನೆಯನ್ನು ಯಾರೂ ನೋಡಲಿಲ್ಲ. ನಮ್ಮಲ್ಲಿ ಕೊನೆಯ ಡಬ್ಬಿಯ ಹಿಂದಿನ ಬೋರ್ಡನ್ನು ಕಣ್ಣಿನಿಂದ ನೋಡಿದ ಮೇಲೆಯೇ ಸ್ಟೇಷನ್ನಿನವರು 'ಗಾಡಿ ಪೂರ್ತಿ ಬಂದಿದೆ' ಎಂದು ಬರೆಯುವುದು. ಎಂಜಿನ್ ಬಂದ ಮಾತ್ರಕ್ಕೆ ಗಾಡಿ ಬಂದಂತಲ್ಲ. ನಡುವೆ ಎಲ್ಲಾದರೂ ಕೊಂಡಿ ಕಳಚಿ ಹತ್ತು ವ್ಯಾಗನ್ ಕಾಡಿನಲ್ಲೇ ಉಳಿದಿರಬಹುದು. ಇಲ್ಲಿ ಪರದೆ ನೋಡಿ ಸಹಿ ಹಾಕಿದರು. ನಾನು ಮಾತ್ರ ಕೊನೆವರೆಗೆ ನಡೆದು ಹೋಗಿ ನೋಡಿ ಬಂದೆ. ಅರವತ್ತೆರಡೂ ಇದ್ದವು.

ಜುಲೈ 1, ಬುಧವಾರ

ವರದಿ ಒಪ್ಪಿಸಿದೆ. ಹದಿನಾಲ್ಕು ಪುಟ. ನಮ್ಮ ವರಮಾನಕ್ಕೆ ನಾವು ಕ್ಲಾಸ್ ತ್ರೀ, ಸಂಶಯವಿಲ್ಲ ಎಂದು ಮೂರನೇ ಪುಟದಲ್ಲೇ ಬರೆದೆ. ದೊಡ್ಡ ರೈಲ್ವೆಗಳ ಗಾಡಿ ಎರಡು ಮೂರು ಕಿಲೋಮೀಟರ್ ಉದ್ದ ಇರುವುದು, ಹಳಿಯ ಪಕ್ಕದ ಯಂತ್ರ ಗಾಲಿಯ ಬಿಸಿ ನೋಡಿ ರೇಡಿಯೋದಲ್ಲಿ ತಾನೇ ಮಾತಾಡುವುದು, ಗಾರ್ಡಿನ ಡಬ್ಬಿಯನ್ನು ಅಲ್ಲಿ ಮೂವತ್ತು ವರ್ಷದ ಹಿಂದೆಯೇ ತೆಗೆದದ್ದು, ಆದರೂ ಕ್ಲಾಸ್ ಒನ್ ಗಾಡಿಗಳ ಎಂಜಿನಿನಲ್ಲಿ ಸಾಮಾನ್ಯವಾಗಿ ಇಬ್ಬರಿರುವುದು, ಕೆಲವು ಸಣ್ಣ ರೈಲ್ವೆಗಳು ಒಬ್ಬನಲ್ಲೇ ಸುಧಾರಿಸುವುದು, ಎಲ್ಲ ಇದೆ. ಕೊನೆಯಲ್ಲಿ 24ನೇ ತಾರೀಕಿನ ಫಾರಂ ಲಗತ್ತಿಸಿದೆ. ಒಂದು ನಿಮಿಷದ ತಪ್ಪಿಲ್ಲ.

ಇಷ್ಟು ಅಚ್ಚುಕಟ್ಟಾದ ವರದಿ ನಾನು ಬರೆದೇ ಇಲ್ಲ. ಸಂತೋಷವಾಯಿತು.

ಜುಲೈ 17, ಶುಕ್ರವಾರ

ಈದ್. ಅಬೂಬಕ್ಕರ್ ನನಗೊಂದು ಹೊಸ ಶರಟು ತಂದಿದ್ದ. ಅಳತೆ ಕೇಳಿರಲಿಲ್ಲ, ಆದರೂ ಸರಿಯಾಗಿದೆ. ಒಗೆದ ಬಟ್ಟೆ ಒಣಗಿದಾಗ ನೋಡಿಕೊಂಡಿರಬೇಕು.

ಸಂಜೆ ರಾಜೀವಿಗೆ ಫೋನ್. ನವೆಂಬರಿನಲ್ಲಿ ಅವಳು ಒಂದು ತಿಂಗಳಿಗೆ ಇಲ್ಲಿ ಬರುವುದೆಂದು ಮಾತಾಗಿದೆ. ಈವರೆಗೆ ವಿಮಾನ ಹತ್ತಿದವಳಲ್ಲ. ಈಗಲೇ ಸೂಟ್‌ಕೇಸ್ ಕೊಂಡಾಗಿದೆಯಂತೆ, ನೀಲಿ ಬಣ್ಣದ್ದು, ಗಾಲಿ ಇರುವಂಥದ್ದು.

ಜುಲೈ 21, ಮಂಗಳವಾರ

ಮೀಟಿಂಗ್. ಹದಿನಾಲ್ಕು ಪುಟದಲ್ಲಿ ಸಲಹೆಗಾರರು ಓದಿದ್ದು ಎರಡು: ಮೂರನೆಯದು ಮತ್ತು ಕೊನೆಯದು. ನಾವು ಕ್ಲಾಸ್ ತ್ರೀ. ಕ್ಲಾಸ್ ತ್ರೀಗೆ ಒಬ್ಬನೇ ಸಾಕು. ಎರಡನೆಯವನು ಎರಡು ಮುಕ್ಕಾಲು ಗಂಟೆ ಖಾಲಿ ಕೂರುತ್ತಾನೆ ಎಂದು ನಿಮ್ಮದೇ ದಾಖಲೆ ಹೇಳುತ್ತದೆ ಎಂದರು. ನನ್ನ ಫಾರಂ ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. ನನ್ನ ಅಕ್ಷರ ಅಷ್ಟು ದೊಡ್ಡದಾಗಿ ನಾನು ನೋಡಿರಲಿಲ್ಲ.

ಆಗಸ್ಟ್ 11ಕ್ಕೆ ಒಬ್ಬನೇ ಡ್ರೈವರ್ ಗಾಡಿ ಓಡಿಸುವ ಟ್ರಯಲ್. ಗಾಡಿ ಸರಿಯಾಗಿ ಬಂದು ತಲುಪಿದರೆ ಸೆಪ್ಟೆಂಬರ್ ಒಂದರಿಂದ ಸೆಕೆಂಡ್ ಮ್ಯಾನ್ ಹುದ್ದೆ ರದ್ದು. ಆರು ಜನ. ಹುದ್ದೆ ಹೋದರೆ ವೀಸಾ ಹೋಗುತ್ತದೆ. ಅಬೂಬಕ್ಕರನ ವೀಸಾ ಹೋದರೆ ಝುಲೈಖಳದ್ದೂ ಇಲ್ಲ.

ನಾನು ಒಂದು ಸುಳ್ಳೂ ಬರೆದಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಉಪವಾಸವಿದ್ದು, ಬೆಳಗಿನ ಮೂರಕ್ಕೆ ಎದ್ದು ಬಂದವನು ಮುಕ್ಕಾಲು ಗಂಟೆ ಕಣ್ಣು ಮುಚ್ಚಿದ. ನಾನು ಹಿಂದೆ ಕುಳಿತು ಗಡಿಯಾರ ನೋಡಿದೆ.

ಜುಲೈ 24, ಶುಕ್ರವಾರ

ಟ್ರಯಲ್ ವಿಷಯ ಯಾರ್ಡಿಗೆ ತಲುಪಿದೆ. ಫಾರಂನ ಜೆರಾಕ್ಸ್ ಕೂಡ ತಲುಪಿದೆ. ಅದರಲ್ಲಿ ಬರೆದವನ ಹೆಸರೂ ತಾರೀಕೂ ಇಲ್ಲ, ಅಳಿಸಿದ್ದಾರೆ; ಆ ತಿಂಗಳು ಫಾರಂ ಹಿಡಿದು ಗಾಡಿ ಹತ್ತಿದವರು ನಾಲ್ಕೈದು ಜನ.

ಅಬೂಬಕ್ಕರ್ ಮಂಚದ ಮೇಲೆ ಪೇಪರ್ ಹಾಸಿ ಮಾವಿನಹಣ್ಣು ಹೆಚ್ಚುತ್ತಿದ್ದ.

"ಯಾರೋ ಬರ್ದಿದ್ದಾರೆ ಚನಿಯಣ್ಣ, ನಾವು ಗಾಡಿಯಲ್ಲಿ ನಿದ್ದೆ ಮಾಡುದು ಅಂತ. ಬರ್ದವನ ಕೈಗೆ ಏನು ಮಾಡಬೇಕು ಹೇಳಿ."

"ಏನು ಮಾಡಬೇಕು?"

"ಎಂತದು ಮಾಡುದು. ಅವನಿಗೆ ಬರೀಲಿಕ್ಕೆ ಹೇಳಿದ್ರು, ಬರ್ದ. ತಿನ್ನಿ, ಇದು ಗೊರಟಿನ ಬದಿಯದ್ದು, ನಿಮಗೆ ಇಷ್ಟ ಅಲ್ವಾ."

ತಿಂದೆ. ಹಣ್ಣು ಸಿಹಿಯಾಗಿತ್ತು. ಇನ್ನೊಂದು ಹೋಳು ಕೊಟ್ಟ, ಬೇಡ ಎಂದೆ.

ಝುಲೈಖಳಿಗೆ ವಿಷಯ ಹೇಳಿಲ್ಲವಂತೆ. ಟಿಕೆಟು ಆಗಸ್ಟ್ 28ಕ್ಕೆ ಆಗಿದೆ. ಮಕ್ಕಳಿಗೆ ಊರಿನ ಶಾಲೆಯಿಂದ ಟಿ.ಸಿ. ತೆಗೆದಾಗಿದೆ.

ಆಗಸ್ಟ್ 4, ಮಂಗಳವಾರ

ಪ್ರಾರ್ಥನಾ ಮೇಡಂ ಹತ್ತಿರ ಹೋದೆ. ಕ್ಲಾಸ್ ಒನ್ ಗಾಡಿಗಳಲ್ಲಿ ಇಬ್ಬರು ಇರುತ್ತಾರೆ ಎಂಬುದನ್ನು ಬೋರ್ಡಿಗೆ ಮತ್ತೊಮ್ಮೆ ಹೇಳಬೇಕು ಎಂದೆ.

"ನಾವು ಕ್ಲಾಸ್ ತ್ರೀ ಅಂತ ನೀವೇ ಅಲ್ವಾ ಅಂಕಲ್ ಬರ್ದಿದ್ದು?"

"ಹೌದು. ನಾನೇ."

"ಚೇರ್ಮನ್ನಿಗೆ ಅದೇ ಬೇಜಾರು. ಏನಾದ್ರೂ ಮಾಡಿ ಕ್ಲಾಸ್ ಒನ್ ಅನ್ನೋ ಮಾತು ಬ್ರೋಷರ್‌ನಲ್ಲಿ ಬರ್ಬೇಕಂತೆ. ನಾನೆಲ್ಲಿಂದ ತರ್ಲಿ?" ಎಂದು ತಲೆ ಹಿಡಿದುಕೊಂಡರು. ಆಮೇಲೆ ಒಂದು ಕಾಗದ ಮುಂದಿಟ್ಟರು. ಟ್ರಯಲ್ ಗಾಡಿಯಲ್ಲಿ ವೀಕ್ಷಕನಾಗಿ ನಾನೇ ಹೋಗಬೇಕು. ಸಲಹೆಗಾರರಿಗೆ ನನ್ನ ಫಾರಂ ಬಹಳ ಮೆಚ್ಚಿಗೆಯಾಗಿದೆ. ಷರತ್ತು ಮೂರು: ಡ್ರೈವರ್ ಜೊತೆ ಮಾತಾಡಬಾರದು, ಯಾವುದನ್ನೂ ಮುಟ್ಟಬಾರದು, ಎಂಜಿನಿನಿಂದ ಇಳಿಯಬಾರದು. ಮೀರಿದರೆ ಕಾಂಟ್ರಾಕ್ಟ್ ಖಲಾಸ್. ಸಹಿ ಹಾಕಿದೆ.

ಅಬೂಬಕ್ಕರ್ ಹತ್ತಿರ ಮೂರು ಸಲ ಹೇಳಲು ಹೊರಟೆ, ಆ ಫಾರಂ ನನ್ನದು ಎಂದು. ಮೂರು ಸಲವೂ ಅವನು ಬೇರೇನೋ ಮಾತು ಶುರು ಮಾಡಿದ. ಇವನ ಮಾತಿನ ನಡುವೆ ತಪ್ಪೊಪ್ಪಿಕೊಳ್ಳಲೂ ಜಾಗ ಇಲ್ಲ.

ಆಗಸ್ಟ್ 10, ಸೋಮವಾರ

ಅಬೂಬಕ್ಕರ್ ಮಾತಾಡುತ್ತಿಲ್ಲ. ಕೋಣೆಯಲ್ಲಿ ಏಸಿಯ ಸದ್ದು ಕೇಳಿಸಿತು. ಇಷ್ಟು ಜೋರು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ.

ಆಗಸ್ಟ್ 11, ಮಂಗಳವಾರ

ಕ್ವಾರಿ ಬಿಟ್ಟದ್ದು 9.10, ಸರಿಯಾದ ಸಮಯ. ನಲವತ್ತಾರು ಡಿಗ್ರಿ, ಮರಳುಗಾಳಿ. ಎಂಜಿನಿನಲ್ಲಿ ಯುಜಿನ್, ಹಿಂದಿನ ಸೀಟಿನಲ್ಲಿ ನಾನು. ಅಬೂಬಕ್ಕರನಿಗೆ ಇಂದು ಯಾರ್ಡ್ ಡ್ಯೂಟಿ.

ಮೊದಲ ಮುಕ್ಕಾಲು ಗಂಟೆ ಬರೆಯುವಂಥದ್ದು ಏನಿಲ್ಲ. ಒಂದೇ ನೇರ ಹಳಿ, ಎರಡೂ ಬದಿ ಒಂದೇ ಬಣ್ಣ. 10.05ರ ಹೊತ್ತಿಗೆ ಯುಜಿನ್ ತಲೆ ಎದೆಯ ಕಡೆ ಬಗ್ಗಿತು, ಮತ್ತೆ ಎದ್ದಿತು. 10.20ಕ್ಕೆ ಮತ್ತೊಮ್ಮೆ. ಅವರು ಬಾಟಲಿಯ ನೀರು ಮುಖಕ್ಕೆ ಚೆಲ್ಲಿಕೊಂಡರು. ಮಾತಾಡಬಾರದೆಂಬ ಷರತ್ತು ಇದ್ದದ್ದರಿಂದ ನಾನು ಕೆಮ್ಮಿದೆ. ಕೆಮ್ಮಿಗೆ ಷರತ್ತು ಇಲ್ಲ. ಜೂನ್ ತಿಂಗಳಿನಲ್ಲಿ ಖಾಲಿ ಎಂದು ನಾನು ಬರೆದ ಮಾತು ಏನು ಕೆಲಸ ಮಾಡುತ್ತಿತ್ತು ಎಂದು ಆಗ ತಿಳಿಯಿತು.

10.48ಕ್ಕೆ ಬ್ರೇಕಿನ ಗಾಳಿ ಒಮ್ಮೆಗೇ ಸೊನ್ನೆಗೆ ಇಳಿದು ಗಾಡಿ ಧಡಕ್ಕನೆ ನಿಂತಿತು. ಎಲ್ಲೋ ಪೈಪು ಕಳಚಿದೆ. ಎಲ್ಲಿ ಎಂದು ಕೆಂಪು ಪೆಟ್ಟಿಗೆ ಹೇಳುವುದಿಲ್ಲ, ಗಾಳಿ ಇಲ್ಲ ಎಂದಷ್ಟೇ ಹೇಳುತ್ತದೆ. ಒಬ್ಬನೇ ಇರುವ ಡ್ರೈವರ್ ಎಂಜಿನ್ ಬಿಟ್ಟು ಇಳಿಯುವಂತಿಲ್ಲ. ಕಂಟ್ರೋಲ್‌ಗೆ ತಿಳಿಸಬೇಕು, ಅಲ್ಲಿಂದ ಜೀಪು ಬರಬೇಕು. ಈ ಗಾಳಿಯಲ್ಲಿ ನಾಲ್ಕು ಗಂಟೆ. ಎಂಜಿನಿನ ಏಸಿ ಆಗಲೇ ಬಿಸಿ ಉಗುಳುತ್ತಿತ್ತು. ಯುಜಿನ್ ರೇಡಿಯೋ ಹಿಡಿದು ಕರೆಯುತ್ತಲೇ ಇದ್ದರು, ಗರಗರ ಬಿಟ್ಟರೆ ಏನೂ ಬರಲಿಲ್ಲ.

ಇಳಿಯಬೇಕೆಂದು ನಾನು ನಿರ್ಧಾರ ಮಾಡಿದ್ದು ನೆನಪಿಲ್ಲ. ಗಾಡಿ ನಿಂತರೆ ಗಾರ್ಡ್ ಇಳಿಯುತ್ತಾನೆ. ಕಾಲು ಏಣಿಯ ಮೇಲಿತ್ತು.

"ಚನಿಯಣ್ಣ, ಎಂತ ಮಾಡ್ತಿದ್ದೀರಿ ಮಾರ್ರೆ! ಸಹಿ ಹಾಕಿದ್ದೀರಿ!" ಎಂದರು ಯುಜಿನ್.

ಮಾತಾಡಬಾರದೆಂಬ ಷರತ್ತನ್ನು ಆಗಲೂ ಪಾಲಿಸಿದೆ.

ಒಂದೊಂದೇ ವ್ಯಾಗನ್ ಎಣಿಸಿಕೊಂಡು ನಡೆದೆ. ಜಲ್ಲಿಯ ಬಿಸಿ ಬೂಟಿನೊಳಗೆ ಬರುತ್ತಿತ್ತು. ನಲವತ್ತೊಂದನೆಯದರ ಹಿಂದೆ ಪೈಪು ಹಾವಿನಂತೆ ನೇತಾಡುತ್ತಿತ್ತು. ಸಿಕ್ಕಿಸಿದೆ. ವಾಪಸು ಹೋಗಬಹುದಿತ್ತು. ಆದರೆ ಕೊನೆ ನೋಡದೆ ತಿರುಗುವುದು ನನಗೆ ಬರುವುದಿಲ್ಲ. ಅರವತ್ತೆರಡರವರೆಗೆ ಹೋದೆ. ಕೆಂಪು ಪೆಟ್ಟಿಗೆ ಮಿನುಗುತ್ತಿತ್ತು. ಅದರ ನೆತ್ತಿಯ ಮೇಲಿನ ಮರಳು ಒರೆಸಿದೆ. ತಿರುಗಿ ಎಂಜಿನ್ ಹತ್ತಿದಾಗ ಕಣ್ಣು ಕತ್ತಲೆ ಬಂತು, ಯುಜಿನ್ ನೀರು ಹೊಯ್ದರು. ಗಾಡಿ ಹೊರಟದ್ದು 11.46. ನಿಂತದ್ದು 58 ನಿಮಿಷ. ಬಂದರು ತಲುಪಿದ್ದು 1.23.

ಬಂದರಿನಲ್ಲಿ ಸಲಹೆಗಾರರು ಯುಜಿನ್ ಕೈ ಕುಲುಕಿದರು. ಅವರ ಪರದೆಯಲ್ಲಿ ಕಂಡದ್ದು ಇಷ್ಟೇ: ಗಾಡಿ ಕೆಟ್ಟಿತು, ಒಬ್ಬನೇ ಮನುಷ್ಯ ಒಂದು ಗಂಟೆಯೊಳಗೆ ಸರಿಮಾಡಿ ತಂದ. ಟ್ರಯಲ್ ಗೆದ್ದಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗಸ್ಟ್ 12, ಬುಧವಾರ

ಯುಜಿನ್ ಆಫೀಸಿನ ಕೆಳಗೆ ಕಾದು ನಿಂತಿದ್ದರು.

"ನಾನೇ ಇಳಿದೆ ಅಂತ ಹೇಳ್ತೇನೆ. ನನಗೆ ಒಂದು ವಾರ್ನಿಂಗ್ ಕೊಟ್ಟಾರು, ಅಷ್ಟೇ. ನೀವು ಬಾಯಿ ಬಿಡಬೇಡಿ. ಈ ಪ್ರಾಯದಲ್ಲಿ ಕೆಲಸ ಕಳ್ಕೊಂಡ್ರೆ ಎಲ್ಲಿಗೆ ಹೋಗ್ತೀರಿ?"

ಒಳ್ಳೆಯ ಮನುಷ್ಯ. ನನ್ನನ್ನು ಉಳಿಸಲು ಹೇಳಿದ್ದು. ಅವರು ಹಾಗೆ ಹೇಳಿದರೆ ಒಬ್ಬನೇ ಸಾಕು ಎಂದಾಗುತ್ತದೆ, ಆರು ಜನ ಹೋಗುತ್ತಾರೆ. ಅವರಿಗೆ ಇದು ಹೊಳೆದಿಲ್ಲ. ನಾನೂ ಹೇಳಲಿಲ್ಲ.

ಕೋಣೆಗೆ ಬಂದಾಗ ಅಬೂಬಕ್ಕರ್ ಮಂಚದ ಕೆಳಗಿನಿಂದ ಮಕ್ಕಳಿಗೆಂದು ಕೊಂಡ ಎರಡು ಶಾಲೆಯ ಬ್ಯಾಗ್ ತೆಗೆದು, ಬೆಲೆಚೀಟಿ ನೋಡಿ, ಮತ್ತೆ ಒಳಗೆ ತಳ್ಳಿದ. ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರಾ ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಆಗಸ್ಟ್ 13, ಗುರುವಾರ

ಫಾರಂ ತುಂಬಿಸಿದೆ. 'ಗಾಡಿಯಲ್ಲಿದ್ದ ಸಿಬ್ಬಂದಿ' ಎಂಬಲ್ಲಿ ಮೊದಲೇ ಒಂದು ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಎರಡು ಎಂದು ಬರೆದೆ. ರಿಮಾರ್ಕ್ಸ್ ಕಾಲಂನಲ್ಲಿ: 'ಡ್ರೈವರ್ ಎಂಜಿನ್ ಬಿಟ್ಟು ಇಳಿದಿಲ್ಲ. ಇಳಿದು ನಡೆದು ಪೈಪು ಜೋಡಿಸಿದ್ದು ವೀಕ್ಷಕ ಚನಿಯ. ಈ ಟ್ರಯಲ್‌ನಲ್ಲಿ ಸೆಕೆಂಡ್ ಮ್ಯಾನ್ ಇದ್ದ. ಅದು ನಾನು. ನಾನು ಇಲ್ಲದಿದ್ದರೆ ಗಾಡಿ ನಾಲ್ಕು ಗಂಟೆ ನಿಲ್ಲುತ್ತಿತ್ತು.' ಅದರ ಕೆಳಗೆ: 'ಜೂನ್ 24ರ ಫಾರಂನಲ್ಲಿ ಖಾಲಿ ಎಂದು ಬರೆದ ಸಮಯದಲ್ಲಿ ಸೆಕೆಂಡ್ ಮ್ಯಾನ್ ಡ್ರೈವರನನ್ನು ಎಚ್ಚರವಾಗಿ ಇಟ್ಟಿದ್ದ. ಅದನ್ನು ಕೆಲಸದ ಕಾಲಂನಲ್ಲಿ ಬರೆಯಬೇಕಿತ್ತು. ತಪ್ಪು ನನ್ನದು.'

ಹತ್ತೊಂಬತ್ತು ವರ್ಷದಲ್ಲಿ ನನ್ನ ಜರ್ನಲ್‌ನಲ್ಲಿ ಹಿಂದಿನ ದಿನದ ಲೆಕ್ಕ ತಿದ್ದಿದವನಲ್ಲ. ಇಂದು ತಿದ್ದಿದೆ.

ಪ್ರಾರ್ಥನಾ ಮೇಡಂ ಎರಡು ಸಲ ಓದಿ, ಎದ್ದು ಬಾಗಿಲು ಮುಚ್ಚಿದರು.

"ಅಂಕಲ್, ಇದನ್ನ ಕಳ್ಸಿದ್ರೆ ನಿಮ್ಮ ಕತೆ ಮುಗೀತು. ಡ್ರೈವರ್ ಇಳಿದ ಅಂತ ಹಾಕೋಣ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗ್ತದಲ್ಲಮ್ಮ."

ಮೇಡಂ ಎನ್ನುವುದು ಬಿಟ್ಟುಹೋಯಿತು. ಅವರು ಗಮನಿಸಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಇನ್ನೊಂದು ಮಾತು ಹೇಳಿ ಬಂದೆ. ವರಮಾನದಲ್ಲಿ ನಾವು ಕ್ಲಾಸ್ ಒನ್ ಆಗುವುದಿಲ್ಲ. ಆದರೆ ಇಬ್ಬರನ್ನು ಇಟ್ಟರೆ 'ಕ್ಲಾಸ್ ಒನ್ ರೈಲ್ವೆಗಳ ಪದ್ಧತಿಯಂತೆ ಎರಡು ಜನ ಸಿಬ್ಬಂದಿ' ಎಂದು ಬ್ರೋಷರ್‌ನಲ್ಲಿ ಹಾಕಿಕೊಳ್ಳಬಹುದು. ಅದರಲ್ಲಿ ಸುಳ್ಳಿಲ್ಲ. ಚೇರ್ಮನ್ನಿಗೆ ಬೇಕಾದದ್ದು ಆ ಮಾತೇ ತಾನೆ.

ಆಗಸ್ಟ್ 18, ಮಂಗಳವಾರ

ಎರಡು ಕಾಗದ ಬಂದವು. ಒಂದು ಎಲ್ಲರಿಗೆ: ಸೆಕೆಂಡ್ ಮ್ಯಾನ್ ಹುದ್ದೆ ಮುಂದುವರಿಯುತ್ತದೆ, ಕಂಪೆನಿಯಲ್ಲಿ ಇನ್ನು ಕ್ಲಾಸ್ ಒನ್ ಪದ್ಧತಿ. ಇನ್ನೊಂದು ನನಗೆ: ಷರತ್ತು ಮೀರಿದ್ದಕ್ಕೆ ಕಾಂಟ್ರಾಕ್ಟ್ ರದ್ದು. ಸಲಹೆಗಾರರು ಬಂದು ಕೈ ಕುಲುಕಿದರು. ನಿಮ್ಮಷ್ಟು ಖಚಿತವಾಗಿ ಬರೆಯುವವರನ್ನು ನೋಡಿಲ್ಲ ಎಂದರು. ಒಪ್ಪಿದೆ.

ರಾಜೀವಿಗೆ ಫೋನ್ ಮಾಡಿ, ಬರುತ್ತೇನೆ ಎಂದೆ.

"ಯಾಕೆ?"

"ಗಾಡಿಯಿಂದ ಇಳಿದೆ."

"ಇಳಿಯಬಾರದಿತ್ತಾ?"

"ಇಳಿಯಬಾರದಿತ್ತು."

"ಯಾರಿಗಾದ್ರೂ ಒಳ್ಳೇದಾಯ್ತಾ?"

ಆಯಿತು ಎಂದೆ. ಹಾಗಾದರೆ ಬನ್ನಿ ಎಂದಳು. ಆಮೇಲೆ, ಸೂಟ್‌ಕೇಸ್ ಎಂತ ಮಾಡುವುದು ಎಂದು ಕೇಳಿದಳು. ನನಗೆ ತುಂಬ ಬೇಸರವಾಯಿತು. ಈ ಪುಸ್ತಕದಲ್ಲಿ ಬರೆಯದೆ ಬೇರೆಲ್ಲಿ ಬರೆಯಲಿ, ಬೇಸರವಾಯಿತು.

ಅಬೂಬಕ್ಕರ್ ರಾತ್ರಿ ಇಡೀ ಬೈದ. "ಯಾರು ಇಳೀಲಿಕ್ಕೆ ಹೇಳಿದ್ದು ನಿಮಗೆ? ಆ ಬಿಸಿಲಿಗೆ ಸತ್ತು ಹೋಗ್ತಿದ್ರಿ. ಬುದ್ಧಿ ಉಂಟಾ ನಿಮಗೆ?" ಎರಡು ಗಂಟೆ ಐದು ನಿಮಿಷ. ಕೇಳಲು ಹಿತವಾಗಿತ್ತು.

ಆಗಸ್ಟ್ 28, ಶುಕ್ರವಾರ

ಅವರ ವಿಮಾನ ಮಧ್ಯಾಹ್ನ, ನನ್ನದು ಸಂಜೆ. ಟ್ಯಾಕ್ಸಿ ಒಂದೇ ಸಾಕು ಎಂದ ಅಬೂಬಕ್ಕರ್. ನಾನು ಈದ್‌ನ ಶರಟು ಹಾಕಿದ್ದೆ. ಉಪ್ಪಿನಕಾಯಿ ಭರಣಿ ಅವನ ಹೊಸ ಕೋಣೆಯಲ್ಲಿ ಇಟ್ಟು ಬಂದೆ. ಮೇ ತಿಂಗಳಿನ ಗೆರೆ ಹಾಗೇ ಇದೆ. ಆಮೇಲೆ ಯಾಕೆ ಎಳೆಯಲಿಲ್ಲವೋ ನೆನಪಿಲ್ಲ.

ಟ್ಯಾಕ್ಸಿಯಲ್ಲಿ ಕೊನೆಗೂ ಹೇಳಿದೆ. "ಅಬೂಬಕ್ಕರ್, ಆ ಫಾರಂ ಬರೆದದ್ದು ನಾನು."

"ಗೊತ್ತುಂಟು."

"ಯಾವಾಗಿನಿಂದ?"

"ಜೆರಾಕ್ಸ್ ಬಂದ ದಿವಸವೇ. ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಐದು. ನಿಮ್ಮನ್ನು ಬಿಟ್ರೆ ಇಷ್ಟು ಸರಿಯಾಗಿ ಬರೆಯುವವರು ಈ ದೇಶದಲ್ಲಿ ಯಾರಿದ್ದಾರೆ ಮಾರಾಯ್ರೆ?"

ಅಂದರೆ ಆ ಮಾವಿನಹಣ್ಣನ್ನು ಗೊತ್ತಿದ್ದೇ ಹೆಚ್ಚಿ ಕೊಟ್ಟದ್ದು. ಕಿಟಕಿಯ ಹೊರಗೆ ನೋಡಿದೆ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ವಿಮಾನ ಇಳಿದದ್ದು 2.10. ಜನ ಹೊರಬರಲು ಶುರುವಾದದ್ದು 2.50. ಅಬೂಬಕ್ಕರ್ ಕಂಬಿ ಹಿಡಿದು ನಿಂತಿದ್ದ. 3.05ಕ್ಕೆ ದೊಡ್ಡ ಮಗ ಟ್ರಾಲಿ ತಳ್ಳಿಕೊಂಡು ಬಂದ. ಅವನ ಹಿಂದೆ ಝುಲೈಖ, ಕಪ್ಪು ಬುರ್ಖಾ, ಕೈಯಲ್ಲಿ ಪಾಸ್‌ಪೋರ್ಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. ಅಬೂಬಕ್ಕರ್ ಅವರತ್ತ ಓಡಿದ. ಕೊನೆಯನ್ನು ನೋಡುವವರು ಬೇರೆ ಯಾರೂ ಇಲ್ಲದ್ದರಿಂದ ನಾನು ಬಾಗಿಲಿನ ಕಡೆ ನೋಡುತ್ತ ನಿಂತೆ. 3.07ಕ್ಕೆ ಚಿಕ್ಕವಳು ಬಂದಳು, ಬಿಚ್ಚಿಹೋದ ಚಪ್ಪಲಿಯ ಪಟ್ಟಿ ಕೈಯಲ್ಲಿ ಹಿಡಿದು, ಕುಂಟುತ್ತ. ನಿಂತು ನನ್ನನ್ನು ನೋಡಿದಳು, ಆಮೇಲೆ ಅವನನ್ನು.

"ಬಾಪಾ, ಈಗ ನಾವು ಎಷ್ಟು ದಿನ ಇರುದು?" ಎಂದು ಕೇಳಿದಳು.

ಅವನು ಉತ್ತರ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇರಬೇಕು.

ಈಗ 4.40. ನನ್ನ ಗೇಟಿನ ಎದುರು ಕುಳಿತು ಬರೆಯುತ್ತಿದ್ದೇನೆ. ಹವೆ: ಒಳಗೆ ಕುಳಿರು. ದೊಡ್ಡವರು ಅಬೂಬಕ್ಕರ್ ಸೇರಿ ಇಬ್ಬರು, ಮಕ್ಕಳು ಇಬ್ಬರು, ಬ್ಯಾಗು ಐದು, ಚಪ್ಪಲಿ ಒಂದು ಕೆಟ್ಟಿದೆ. ಕೊನೆಯವಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗಾಡಿ ಪೂರ್ತಿ ಬಂದಿದೆ.